ಹಳೆಯ ಎಂಎಂ 540ಗೆ ಥಾರ್ ಡ್ಯಾಶ್‌ಬೋರ್ಡ್: ಮುಖ ಹೊಸದಾಗಲಿ, ವೈರಿಂಗ್ ಮಾತ್ರ ನಿಮ್ಮ ಎಂಜಿನ್ನಿಗೇ ಹೊಂದಲಿ

ಓದುಗರ ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. 1992ರ ಮಹೀಂದ್ರ ಎಂಎಂ 540 ಜೀಪು, ಪ್ಯೂಜೊ ಡೀಸೆಲ್ ಎಂಜಿನ್. ಎಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗಿವೆ. ಡ್ಯಾಶ್‌ಬೋರ್ಡ್ ತುಕ್ಕು ಹಿಡಿದಿದೆ. ಆಂಪಿಯರ್ ಮುಳ್ಳು ಬಿಟ್ಟರೆ ಬೇರೆ ಯಾವ ಮೀಟರೂ ಅಲ್ಲಾಡುವುದಿಲ್ಲ. ಮಳೆಗಾಲ ಬಂತೆಂದರೆ ಹೆಡ್‌ಲೈಟ್ ಒಮ್ಮೆ ಉಂಟು, ಒಮ್ಮೆ ಇಲ್ಲ. ಈಗ ಗುಜರಿಯಲ್ಲಿ 2013ರ ಥಾರ್ ಸಿಆರ್‌ಡಿಇ ಗಾಡಿಯ ಡ್ಯಾಶ್‌ಬೋರ್ಡ್, ಮೀಟರ್ ಕನ್ಸೋಲ್, ಪೂರ್ತಿ ವೈರಿಂಗ್ ಹಾರ್ನೆಸ್ (ವೈರುಗಳ ಕಟ್ಟು) ಒಟ್ಟಿಗೆ ಸಿಗುತ್ತಿದೆ. ಒಬ್ಬ ಎಲೆಕ್ಟ್ರಿಷಿಯನ್ "ಎರಡೂ ಮಹೀಂದ್ರವೇ, ಪ್ಲಗ್ಗಿಗೆ ಪ್ಲಗ್ ಕೂರುತ್ತೆ, ಎರಡು ದಿನದ ಕೆಲಸ" ಅನ್ನುತ್ತಾರೆ. ಇನ್ನೊಬ್ಬರು "ಕಂಪ್ಯೂಟರ್ ಇಲ್ಲದೆ ಗಾಡಿ ಸ್ಟಾರ್ಟೇ ಆಗಲ್ಲ" ಎಂದು ಹೆದರಿಸಿದ್ದಾರೆ. ಯಾರ ಮಾತು ನಂಬಲಿ? ವೈರಿಂಗ್ ಬದಲಿಸಿದರೆ ಬೆಂಕಿಯ ಅಪಾಯವಿದೆಯೇ? ಆರ್‌ಟಿಒದಲ್ಲಿ ತೊಂದರೆಯಾಗುತ್ತದೆಯೇ?

ಉತ್ತರ:

ನಿಮ್ಮದು ಮೂರು ಚಿಂತೆ: ಕೂರುತ್ತದೆಯೇ, ಗಾಡಿ ನಿಂತುಹೋಗುತ್ತದೆಯೇ, ಸುಟ್ಟುಹೋಗುತ್ತದೆಯೇ. ಇಬ್ಬರು ಎಲೆಕ್ಟ್ರಿಷಿಯನ್ನರ ಮಾತೂ ಸರಿಯಲ್ಲ. ಡ್ಯಾಶ್‌ಬೋರ್ಡ್ ಹಾಕಿಸಬಹುದು, ಮೀಟರುಗಳನ್ನೂ ಬಹುಮಟ್ಟಿಗೆ ಕೆಲಸ ಮಾಡಿಸಬಹುದು. ಆದರೆ ಆ ಹಾರ್ನೆಸ್ಸನ್ನು ಹಾಗೇ ಎತ್ತಿ ನಿಮ್ಮ ಜೀಪಿಗೆ ಹಾಕಬೇಡಿ. ಅದರ ಪ್ಲಗ್ಗುಗಳನ್ನೂ, ಪ್ಲಗ್ಗಿನಿಂದ ಹೊರಟ ಒಂದಡಿ ಉದ್ದದ ವೈರುಗಳನ್ನೂ ಇಟ್ಟುಕೊಂಡು, ಉಳಿದ ವೈರಿಂಗನ್ನು ನಿಮ್ಮ ಎಂಜಿನ್ನಿಗೆ ತಕ್ಕಂತೆ ಹೊಸದಾಗಿ ಕಟ್ಟಿಸಿ.

ಮೊದಲು "ಕಂಪ್ಯೂಟರ್ ಇಲ್ಲದೆ ಸ್ಟಾರ್ಟ್ ಆಗಲ್ಲ" ಎಂಬ ಮಾತು. ಅದು ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಎಂಜಿನ್ನಿಗೆ ಸತ್ಯ, ನಿಮ್ಮ ಎಂಜಿನ್ನಿಗಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ ಯಾವಾಗ, ಎಷ್ಟು ಡೀಸೆಲ್ ಚಿಮ್ಮಬೇಕೆಂದು ಇಸಿಯು ಎಂಬ ಕಂಪ್ಯೂಟರ್ ತೀರ್ಮಾನಿಸುತ್ತದೆ. ನಿಮ್ಮ ಪ್ಯೂಜೊ ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಎಂಜಿನ್ನೇ ತಿರುಗಿಸುವ ಇಂಜೆಕ್ಷನ್ ಪಂಪು. ಅದಕ್ಕೆ ಬೇಕಾಗಿರುವುದು ಸೆಲ್ಫ್ ಮೋಟರಿಗೆ ಕರೆಂಟು, ತಣ್ಣಗಿರುವಾಗ ಹೀಟರ್ ಪ್ಲಗ್ಗಿಗೆ ಕರೆಂಟು, ಪಂಪಿನಲ್ಲಿ ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ತಡೆಯುವ ಕವಾಟ) ಇದ್ದರೆ ಅದಕ್ಕೊಂದು ವೈರು. ಇಷ್ಟೇ. ಸೊಲೆನಾಯ್ಡ್ ಇಲ್ಲದೆ ನಾಬ್ ಎಳೆದು ಎಂಜಿನ್ ನಿಲ್ಲಿಸುವ ಜೀಪಾದರೆ ಒಂದು ವಿಷಯ ಈಗಲೇ ಬರೆದಿಟ್ಟುಕೊಳ್ಳಿ: ಥಾರ್ ಡ್ಯಾಶಿನಲ್ಲಿ ಆ ನಾಬಿಗೆ ಜಾಗವಿಲ್ಲ. ಸ್ಟಿಯರಿಂಗ್ ಕೆಳಗೆ ಗಟ್ಟಿ ಪಟ್ಟಿಯೊಂದಕ್ಕೆ ಅದನ್ನು ಮೊದಲೇ ಕೂರಿಸಬೇಕು. ಡ್ಯಾಶ್ ಕೂರಿಸಿ ಮುಗಿದ ಮೇಲೆ ಎಂಜಿನ್ ನಿಲ್ಲಿಸುವ ದಾರಿಯೇ ಇಲ್ಲವೆಂದು ಗೊತ್ತಾಗುವುದು ಈ ಕೆಲಸದಲ್ಲಿ ಹೊಸತೇನಲ್ಲ.

ಇನ್ನು "ಪ್ಲಗ್ಗಿಗೆ ಪ್ಲಗ್ ಕೂರುತ್ತೆ" ಎಂಬುದು. ಕಂಪನಿ ಒಂದೇ ಆದರೂ ಎರಡು ಗಾಡಿಗಳ ನಡುವೆ ಒಂದು ತಲೆಮಾರಿನ ಅಂತರವಿದೆ. ನಿಮ್ಮ ಜೀಪಿನ ಪ್ರತಿ ಮೀಟರಿಗೂ ಸೆನ್ಸರಿನಿಂದ ನೇರ ವೈರು ಬರುತ್ತದೆ, ಸ್ಪೀಡೋಮೀಟರಿಗೆ ತಿರುಗುವ ಕೇಬಲ್ ಬರುತ್ತದೆ. ಸಿಆರ್‌ಡಿಇಯಲ್ಲಿ ಎಂಜಿನ್ನಿನ ಬಿಸಿ, ಆರ್‌ಪಿಎಂ ಮೊದಲು ತಲುಪುವುದು ಇಸಿಯುಗೆ. ಅಲ್ಲಿಂದ ಮೀಟರಿಗೆ ಸಾದಾ ವೈರಿನಲ್ಲಿ ಬರಬಹುದು, ಕ್ಯಾನ್ ಎಂಬ ಡೇಟಾ ಲೈನಿನಲ್ಲೂ ಬರಬಹುದು. ಕ್ಯಾನ್ ಆಗಿದ್ದರೆ, ಇಸಿಯು ಇಲ್ಲದ ಗಾಡಿಯಲ್ಲಿ ಆ ಮುಳ್ಳುಗಳು ಸೊನ್ನೆಯಲ್ಲೇ ಮಲಗಿರುತ್ತವೆ, ಚೆಕ್ ಎಂಜಿನ್ ದೀಪ ಆರುವುದೇ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲು ಗುಜರಿಯಲ್ಲೇ ಮೀಟರ್ ಕನ್ಸೋಲಿನ ಹಿಂದಿನ ಪ್ಲಗ್ ನೋಡಿ. ಒಂದಕ್ಕೊಂದು ಹೆಣೆದುಕೊಂಡ ಎರಡು ತೆಳು ವೈರುಗಳ ಜೋಡಿ ಇದ್ದರೆ ಕ್ಯಾನ್ ಇರುವ ಸಾಧ್ಯತೆ ಹೆಚ್ಚು. ಅಂಥದ್ದಾದರೆ ಅದನ್ನು ಬಿಟ್ಟು, ಅದೇ ಕಾಲದ ಥಾರ್ ಡಿಐ ಮಾದರಿಯ ಕನ್ಸೋಲ್ ಹುಡುಕಿ. ಡಿಐ ಎಂಜಿನ್ನಿಗೆ ಕಾಮನ್ ರೈಲ್ ಇಲ್ಲ, ಅದರ ಮೀಟರುಗಳು ನಿಮ್ಮ ಜೀಪಿನ ಸ್ವಭಾವಕ್ಕೆ ಹತ್ತಿರ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. 2020ರಲ್ಲಿ ಬಂದ ಎರಡನೇ ತಲೆಮಾರಿನ ಥಾರ್ ಡ್ಯಾಶನ್ನಂತೂ ಮುಟ್ಟಬೇಡಿ. ಅದರಲ್ಲಿ ಏರ್‌ಬ್ಯಾಗ್, ಟಚ್ ಸ್ಕ್ರೀನ್ ಎಲ್ಲ ಒಂದಕ್ಕೊಂದು ಮಾತಾಡಿಕೊಳ್ಳುವ ವ್ಯವಸ್ಥೆ. ಹಳೆಯ ಟಬ್ಬಿನೊಳಗೆ (ಜೀಪಿನ ತಗಡಿನ ಬಾಡಿಯೊಳಗೆ) ಅದು ಬರೀ ಪ್ಲಾಸ್ಟಿಕ್ ಅಷ್ಟೇ.

ಅಳತೆಯನ್ನೂ ಗುಜರಿಯಲ್ಲೇ ತೆಗೆಯಿರಿ. ಟಬ್ಬಿನ ಒಳಗಿನ ಅಗಲ, ವಿಂಡ್‌ಶೀಲ್ಡ್ ಫ್ರೇಮಿನ ಕೆಳಗಿನ ಎತ್ತರ, ಸ್ಟಿಯರಿಂಗ್ ಕಾಲಮ್ ನಡುರೇಖೆಯಿಂದ ಬಾಗಿಲಿನ ಕಡೆಗಿರುವ ದೂರ, ಈ ಮೂರನ್ನು ಬರೆದುಕೊಂಡು ಹೋದರೆ ಸಾಕು. ಹಳೆಯ ತಗಡಿನ ಡ್ಯಾಶಿಗೆ ಸ್ಟಿಯರಿಂಗ್ ಕಾಲಮ್ಮಿನ ಬ್ರಾಕೆಟ್ ಬೋಲ್ಟ್ ಆಗಿದ್ದರೆ ಆ ಭಾಗವನ್ನು ಕತ್ತರಿಸಲೇಬಾರದು. ಆ ತಗಡು ಅಲಂಕಾರಕ್ಕಿರುವುದಲ್ಲ, ಕಾಲಮ್ಮಿನ ಭಾರ ಹೊರುತ್ತಿದೆ. ಪ್ಲಾಸ್ಟಿಕ್ ಡ್ಯಾಶಿಗೆ ಆ ಶಕ್ತಿಯಿಲ್ಲ. ಹಳೆಯ ಡ್ಯಾಶಿನ ನಡುಪಟ್ಟಿ ಉಳಿಸಿಕೊಂಡು ಅದರ ಮೇಲೆ ಹೊಸತನ್ನು ಕೂರಿಸಬೇಕು. ಆಗದಿದ್ದರೆ ಎರಡೂ ಬದಿಯ ಕೌಲಿಗೆ (ವಿಂಡ್‌ಶೀಲ್ಡ್ ಕೆಳಗಿನ ತಗಡಿಗೆ) ಸೇರುವಂತೆ ಒಂದು ಅಡ್ಡ ಪೈಪು ಬೆಸೆದು ಕಾಲಮ್ಮನ್ನು ಅದಕ್ಕೆ ಕಟ್ಟಬೇಕು. ಬೆಸೆಯುವಾಗ ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರಿನ ವೈರು ಕಳಚಿರಲಿ.

ಬೆಂಕಿ ಹುಟ್ಟುವುದು ಎಲ್ಲಿ

ನಿಮ್ಮ ಪ್ರಶ್ನೆಯಲ್ಲಿ "ಆಂಪಿಯರ್ ಮುಳ್ಳು ಬಿಟ್ಟರೆ" ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಂಪಿಯರ್ ಮೀಟರ್ ಇರುವ ಜೀಪಿನಲ್ಲಿ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ಕರೆಂಟೆಲ್ಲ ಒಮ್ಮೆ ಡ್ಯಾಶ್‌ಬೋರ್ಡಿನೊಳಗೆ ಬಂದು, ಆ ಮೀಟರನ್ನು ಹಾದು ವಾಪಸ್ ಹೋಗುತ್ತದೆ. ಬಹುಪಾಲು ಗಾಡಿಗಳಲ್ಲಿ ಆ ಲೈನಿಗೆ ಫ್ಯೂಸ್ ಇರುವುದಿಲ್ಲ. ಹೊಸ ಡ್ಯಾಶಿನಲ್ಲಿ ಆಂಪಿಯರ್ ಮೀಟರ್ ಇಲ್ಲವಲ್ಲ ಎಂದು ಕೆಲವರು ಆ ಎರಡು ದಪ್ಪ ವೈರುಗಳನ್ನು ತಿರುಚಿ, ಟೇಪ್ ಸುತ್ತಿ, ಡ್ಯಾಶಿನ ಹಿಂದೆ ತುರುಕುತ್ತಾರೆ. ಮೊದಲು ತಗಡಿನ ಹಿಂದಿದ್ದ ಮೂವತ್ತು ನಲವತ್ತು ಆಂಪಿಯರಿನ ಕರೆಂಟು ಈಗ ಪ್ಲಾಸ್ಟಿಕ್ಕಿನ ಹಿಂದೆ, ಸಡಿಲ ಜೋಡಣೆಯಲ್ಲಿ ಹರಿಯುತ್ತಿರುತ್ತದೆ. ಜೀಪು ಅಲುಗಾಡಿದಂತೆ ಜೋಡಣೆ ಇನ್ನಷ್ಟು ಸಡಿಲವಾಗಿ ಬಿಸಿಯೇರುತ್ತದೆ. ಡ್ಯಾಶ್ ಬದಲಿಸಿದ ಗಾಡಿಗಳಲ್ಲಿ ಬೆಂಕಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸರಿಯಾದ ದಾರಿ ಹೀಗೆ. ಆ ಎರಡು ವೈರುಗಳನ್ನು ಡ್ಯಾಶಿನಿಂದ ಪೂರ್ತಿ ಹೊರಗೆ ಹಾಕಿ. ಆಲ್ಟರ್ನೇಟರಿನ ಬಿ ಪ್ಲಸ್ ಟರ್ಮಿನಲ್ಲಿನಿಂದ ಬೋನೆಟ್ಟಿನ ಒಳಗೇ ನೇರ ಬ್ಯಾಟರಿಗೆ 10 ಸ್ಕ್ವೇರ್ ಎಂಎಂ ವೈರು ಎಳೆದು, ಬ್ಯಾಟರಿಯಿಂದ ಒಂದಡಿಯೊಳಗೆ 60 ಆಂಪಿಯರಿನ ಬೋಲ್ಟ್ ಫ್ಯೂಸ್ ಹಾಕಿ. ಆಲ್ಟರ್ನೇಟರಿನ ಮೇಲೆ 45 ಆಂಪಿಯರಿಗಿಂತ ಹೆಚ್ಚು ಬರೆದಿದ್ದರೆ ಫ್ಯೂಸನ್ನೂ ವೈರನ್ನೂ ಅದಕ್ಕೆ ತಕ್ಕಂತೆ ಏರಿಸಿ. ಒಳಗಿನ ಫ್ಯೂಸ್ ಬಾಕ್ಸಿಗೆ ಬ್ಯಾಟರಿಯಿಂದ ಬೇರೆಯೇ 6 ಸ್ಕ್ವೇರ್ ವೈರು, ಅದಕ್ಕೂ ಬ್ಯಾಟರಿ ಹತ್ತಿರ 40 ಆಂಪಿಯರ್ ಫ್ಯೂಸ್. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ವೋಲ್ಟ್ ಮೀಟರ್ ಹಾಕಿಕೊಳ್ಳಿ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಿದರೆ ಸರಿಯಿದೆ ಎಂದರ್ಥ.

ಎರಡನೇ ಬಿಸಿ ಜಾಗ ಹೀಟರ್ ಪ್ಲಗ್ಗಿನ ಲೈನು. ನಾಲ್ಕು ಪ್ಲಗ್ಗೂ ಸೇರಿ ಒತ್ತಿದ ಕ್ಷಣದಲ್ಲಿ ನಲವತ್ತು ಆಂಪಿಯರ್ ದಾಟಬಹುದು. ಥಾರಿನ ಕೀ ಸ್ವಿಚ್ಚು ಇದನ್ನು ಹೊರಲಾರದು. 70 ಆಂಪಿಯರಿನ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚನ್ನು) ಬೋನೆಟ್ಟಿನಲ್ಲಿ ಕೂರಿಸಿ, ಕೀ ಕಡೆಯಿಂದ ತೆಳು ವೈರು ಮಾತ್ರ ತನ್ನಿ. ಅದಕ್ಕೂ ಮುಂಚೆ ಪ್ಲಗ್ಗೊಂದನ್ನು ಬಿಚ್ಚಿ ಅದರ ಮೇಲೆ ಕೆತ್ತಿರುವ ವೋಲ್ಟ್ ಓದಿ. 11, 12 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ. ಒಂದೆರಡು ವೋಲ್ಟ್ ಎಂದಿದ್ದರೆ ಅವು ಒಂದರ ಹಿಂದೊಂದು ಜೋಡಿಸಿದ ಹಳೆಯ ಬಗೆ. ಡ್ಯಾಶಿನಲ್ಲಿ ಕೆಂಪಗೆ ಕಾಯುವ ಸುರುಳಿ ಇದ್ದರೆ ಅದೂ ಆ ಲೆಕ್ಕದೊಳಗೇ ಇರುತ್ತದೆ. ಸುರುಳಿ ತೆಗೆದು ನೇರ ಕರೆಂಟು ಕೊಟ್ಟರೆ ಪ್ಲಗ್ಗುಗಳು ಸುಟ್ಟುಹೋಗುತ್ತವೆ. ಅಂಥ ಪ್ಲಗ್ಗಿದ್ದರೆ ಮೊದಲು 12 ವೋಲ್ಟಿನ ಬಗೆಗೆ ಬದಲಿಸಿ.

ಸೆಲ್ಫಿಗೂ ಹೀಗೆಯೇ: ಕೀಯಿಂದ ರಿಲೇ, ರಿಲೇಯಿಂದ ಸೆಲ್ಫಿನ ಸೊಲೆನಾಯ್ಡ್. ಹೆಡ್‌ಲೈಟಿಗೆ ಡಿಮ್ ಮತ್ತು ಬ್ರೈಟ್ ಎರಡಕ್ಕೂ ಒಂದೊಂದು 30 ಆಂಪಿಯರ್ ರಿಲೇ, 2.5 ಸ್ಕ್ವೇರ್ ವೈರು. 60/55 ವ್ಯಾಟಿನ ಎರಡು ಬಲ್ಬು ಹತ್ತು ಆಂಪಿಯರ್ ಎಳೆಯುತ್ತವೆ. ಎಡ, ಬಲ ದೀಪಗಳಿಗೆ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿಸಿ. ಶಿರಾಡಿ ಘಾಟಿಯಲ್ಲಿ ರಾತ್ರಿ ಒಂದು ಫ್ಯೂಸ್ ಹೋದರೂ ಇನ್ನೊಂದು ದೀಪ ಉರಿಯುತ್ತಿರಬೇಕು. ಫ್ಯೂಸ್ ಇರುವುದು ವೈರನ್ನು ಕಾಯಲು. ಆದ್ದರಿಂದ ವೈರಿನ ದಪ್ಪ ನೋಡಿ ಫ್ಯೂಸ್ ಆರಿಸಬೇಕು: 1 ಸ್ಕ್ವೇರಿಗೆ 10 ಆಂಪಿಯರ್, 1.5ಕ್ಕೆ 15, 2.5ಕ್ಕೆ 20. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದೊಡ್ಡದನ್ನು ಹಾಕಿದರೆ ಮುಂದಿನ ಸಲ ವೈರೇ ಫ್ಯೂಸ್ ಆಗುತ್ತದೆ.

ಅರ್ಥ್: ಅರ್ಧ ಕಾಯಿಲೆಗೆ ಇದೇ ಕಾರಣ

ತಗಡಿನ ಡ್ಯಾಶಿನಲ್ಲಿ ಪ್ರತಿ ಮೀಟರೂ ತಾನು ಕೂತ ತಗಡಿನಿಂದಲೇ ಅರ್ಥ್ ಪಡೆಯುತ್ತಿತ್ತು, ಬೇರೆ ವೈರು ಬೇಕಿರಲಿಲ್ಲ. ಪ್ಲಾಸ್ಟಿಕ್ ಡ್ಯಾಶಿಗೆ ಬಂದ ಕೂಡಲೇ ಆ ದಾರಿ ಮುಚ್ಚುತ್ತದೆ. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದು ತೆಳು ಕಪ್ಪು ವೈರಿಗೆ ಕಟ್ಟಿದರೆ, ಇಂಡಿಕೇಟರ್ ಮಿನುಗಿದಾಗಲೆಲ್ಲ ಟೆಂಪರೇಚರ್ ಮುಳ್ಳು ಕುಣಿಯುತ್ತದೆ, ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಏರುತ್ತದೆ. ಮೀಟರ್ ಕೆಟ್ಟಿದೆಯೆಂದು ಹೊಸದು ತಂದರೂ ಅದೇ ಕಥೆ.

ಡ್ಯಾಶಿನ ಹಿಂದೆ ಟಬ್ಬಿಗೆ ಒಂದು 8 ಎಂಎಂ ಬೋಲ್ಟ್ ನಿಲ್ಲಿಸಿ, ಸುತ್ತಲಿನ ಪೇಂಟ್ ಕೆರೆದು, ಮೀಟರುಗಳಿಗೆ ಒಂದು, ಲೈಟು ಮತ್ತು ಹಾರ್ನಿಗೆ ಇನ್ನೊಂದು ಅರ್ಥ್ ವೈರು ಪ್ರತ್ಯೇಕವಾಗಿ ತಂದು ಕಟ್ಟಿ. ಅಲ್ಲಿಂದ ಮುಂದಿನ ಸರಪಳಿಯೂ ಗಟ್ಟಿಯಿರಬೇಕು. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ ದಪ್ಪ ಕೇಬಲ್, ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿ, ಚಾಸಿಯಿಂದ ಟಬ್ಬಿಗೆ ಇನ್ನೊಂದು ಪಟ್ಟಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆ ಪಟ್ಟಿ ಕಡಿದರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಸ್ಪೀಡೋ ಕೇಬಲ್ಲುಗಳ ಮೂಲಕ ದಾರಿ ಹುಡುಕುತ್ತದೆ, ಅವು ಕೆಂಪಗೆ ಕಾಯುತ್ತವೆ. ಪರೀಕ್ಷೆ ಸುಲಭ. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಡ್ಯಾಶಿನ ಅರ್ಥ್ ಬೋಲ್ಟಿಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಎಲ್ಲೋ ತುಕ್ಕು ಹಿಡಿದಿದೆ. ನಿಮ್ಮ ಮಳೆಗಾಲದ ಹೆಡ್‌ಲೈಟ್ ಸಮಸ್ಯೆಗೆ ಬಹುಶಃ ಇಷ್ಟೇ ಕಾರಣವಿರಬಹುದು. ಡ್ಯಾಶ್ ಖರೀದಿಸುವ ಮೊದಲೇ ಇದನ್ನು ನೋಡಿಸಿ.

ಮೀಟರುಗಳನ್ನು ಒಪ್ಪಿಸುವುದು

ಡ್ಯಾಶಿಗೆ ಕೂರಿಸುವ ಮೊದಲು ಕನ್ಸೋಲನ್ನು ಮೇಜಿನ ಮೇಲಿಟ್ಟು, 1 ಆಂಪಿಯರ್ ಫ್ಯೂಸಿನ ಮೂಲಕ 12 ವೋಲ್ಟ್ ಕೊಟ್ಟು ಒಂದೊಂದೇ ಪಿನ್ ಪರೀಕ್ಷಿಸಬೇಕು. ಅರ್ಧ ದಿನ ಹಿಡಿಯುತ್ತದೆ, ಆದರೆ ಆಮೇಲಿನ ಎರಡು ವಾರ ಉಳಿಯುತ್ತದೆ.

ಟೆಂಪರೇಚರ್ ಮತ್ತು ಡೀಸೆಲ್ ಮುಳ್ಳುಗಳು ರೆಸಿಸ್ಟೆನ್ಸ್ ನೋಡಿ ಏಳುತ್ತವೆ. ನಿಮ್ಮ ಹಳೆಯ ಸೆನ್ಸರಿನ ಓಮ್ ಲೆಕ್ಕ ಬೇರೆ, ಹೊಸ ಮೀಟರಿನದು ಬೇರೆ. ಕನ್ಸೋಲಿನ ಟೆಂಪರೇಚರ್ ಪಿನ್ನಿಗೆ ಒಂದು ಕಿಲೋ ಓಮಿನ ತಿರುಗಿಸುವ ರೆಸಿಸ್ಟರ್ ಕಟ್ಟಿ, 500, 200, 100, 50, 30 ಓಮಿಗೆ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಸೆನ್ಸರನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸುತ್ತ, 60, 80, 95 ಡಿಗ್ರಿಯಲ್ಲಿ ಓಮ್ ಅಳೆಯಿರಿ. ನಿಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅದನ್ನು 100 ಎಂದು ಎಣಿಸಬೇಡಿ. ಎರಡು ಪಟ್ಟಿ ಹೊಂದದಿದ್ದರೆ ಮೀಟರಿಗೆ ಒಪ್ಪುವ ಸೆನ್ಸರನ್ನೇ ಎಂಜಿನ್ನಿಗೆ ಹಾಕಿ, ಮರೆ (ತಿರುಪಿನ ಥ್ರೆಡ್) ಬೇರೆಯಿದ್ದರೆ ಲೇಥಿನಲ್ಲಿ ಹಿತ್ತಾಳೆಯ ಬುಷ್ ಮಾಡಿಸಿ. ಮರೆಗೆ ಟೆಫ್ಲಾನ್ ಟೇಪನ್ನು ಪದರ ಪದರವಾಗಿ ಸುತ್ತಬೇಡಿ, ಒಂಟಿ ವೈರಿನ ಸೆನ್ಸರಿಗೆ ಅರ್ಥ್ ಸಿಗುವುದು ಆ ಮರೆಯಿಂದಲೇ.

ಇಲ್ಲೊಂದು ಎಚ್ಚರಿಕೆ. ಇತ್ತೀಚಿನ ಬಹಳಷ್ಟು ಗಾಡಿಗಳ ಟೆಂಪರೇಚರ್ ಮುಳ್ಳು ಮಧ್ಯದಲ್ಲಿ ಬೇಕೆಂದೇ ಜಡವಾಗಿರುತ್ತದೆ. ಬಿಸಿ ಏರುತ್ತಿದ್ದರೂ ಮಧ್ಯದಲ್ಲೇ ನಿಂತಿದ್ದು, ಕೊನೆಗಳಿಗೆಯಲ್ಲಿ ಕೆಂಪಿಗೆ ಹಾರುತ್ತದೆ. ಮೊದಲ ಗೇರಿನಲ್ಲಿ ತೋಟದ ಏರು ಹತ್ತುವ ಹಳೆಯ ಎಂಜಿನ್ನಿಗೆ ಇದು ಸಾಲದು. ಡ್ಯಾಶಿನ ಬದಿಯಲ್ಲಿ ಡಿಗ್ರಿ ತೋರಿಸುವ ಒಂದು ಬೇರೆ ಟೆಂಪರೇಚರ್ ಗೇಜು, ಒಂದು ಆಯಿಲ್ ಪ್ರೆಶರ್ ಗೇಜು ಇಟ್ಟುಕೊಳ್ಳಿ. ಚಂದಕ್ಕೆ ಸ್ವಲ್ಪ ಕುಂದಾದರೂ ಎಂಜಿನ್ ಉಳಿಯುತ್ತದೆ.

ಡೀಸೆಲ್ ಟ್ಯಾಂಕಿನ ಫ್ಲೋಟನ್ನು ಬಿಚ್ಚಿ, ಖಾಲಿ ಮತ್ತು ತುಂಬಿದ ಸ್ಥಾನಗಳಲ್ಲಿ ಓಮ್ ಅಳೆಯಿರಿ. ಕೆಲವು ಮೀಟರಿಗೆ ಖಾಲಿ ಎಂದರೆ ಹೆಚ್ಚು ಓಮ್, ಕೆಲವಕ್ಕೆ ಕಡಿಮೆ. ತಿರುಗುಮುರುಗಾದರೆ ಟ್ಯಾಂಕ್ ತುಂಬಿದಾಗ ಮುಳ್ಳು ಖಾಲಿ ತೋರಿಸುತ್ತದೆ. ಆಗ ಮೀಟರಿಗೆ ಹೊಂದುವ ಫ್ಲೋಟನ್ನು ತಂದು, ಅದರ ಕಡ್ಡಿಯನ್ನು ನಿಮ್ಮ ಟ್ಯಾಂಕಿನ ಆಳಕ್ಕೆ ಬಾಗಿಸಿ ಹಾಕುವುದೇ ದಾರಿ.

ಹೊಸ ಕನ್ಸೋಲಿಗೆ ಸ್ಪೀಡೋ ಕೇಬಲ್ ಸಿಕ್ಕಿಸುವ ಜಾಗವಿಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸಿನಲ್ಲಿ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯಲ್ಲಿ) ಕೇಬಲ್ಲಿನ ಜಾಗಕ್ಕೆ ಪಲ್ಸ್ ಸೆನ್ಸರ್ ಬೇಕು. ಲೆಕ್ಕ ಹೀಗೆ ಹಾಕಿ. ಹಳೆಯ ಕೇಬಲ್ಲಿನ ಮೀಟರ್ ಕಡೆಯ ತುದಿ ಬಿಚ್ಚಿ, ಅದಕ್ಕೊಂದು ಟೇಪಿನ ಬಾವುಟ ಅಂಟಿಸಿ, ಕಾಫಿ ಕಣದಂಥ ಸಮತಟ್ಟು ಜಾಗದಲ್ಲಿ ಜೀಪನ್ನು ಸರಿಯಾಗಿ 20 ಮೀಟರ್ ತಳ್ಳಿ, ಸುತ್ತು ಎಣಿಸಿ. ಹನ್ನೆರಡೂವರೆ ಸುತ್ತು ಬಂದರೆ ಕಿಲೋಮೀಟರಿಗೆ 625. ಸುತ್ತಿಗೆ ನಾಲ್ಕು ಪಲ್ಸಿನ ಸೆನ್ಸರಾದರೆ 2,500 ಪಲ್ಸ್. ಕನ್ಸೋಲ್ 5,000 ಬಯಸುವಂಥದ್ದಾದರೆ ನೀವು 60ರಲ್ಲಿ ಹೋಗುವಾಗ ಅದು 30 ತೋರಿಸುತ್ತದೆ. ಎಂಟು ಪಲ್ಸಿನ ಸೆನ್ಸರನ್ನೋ, ಪಲ್ಸ್ ಹೊಂದಿಸುವ ಪುಟ್ಟ ಡಬ್ಬಿಯನ್ನೋ ಹಾಕಬೇಕು. ಟೈರ್ ಅಳತೆ ಬದಲಿಸುವ ಯೋಚನೆಯಿದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಎಣಿಸಿ. ಆರ್‌ಪಿಎಂ ಮುಳ್ಳಿಗೆ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್ಲಿನಿಂದ ಸಿಗ್ನಲ್ ತರಬಹುದು, ಅದಕ್ಕೂ ಹೊಂದಾಣಿಕೆ ಬೇಕು. ಈ ಎಂಜಿನ್ನಿಗೆ ಅದು ಅತ್ಯಗತ್ಯವೇನಲ್ಲ.

ಚಾರ್ಜ್ ದೀಪವನ್ನು ಮಾತ್ರ ಮರೆಯಬೇಡಿ. ಅನೇಕ ಆಲ್ಟರ್ನೇಟರುಗಳು ಚಾರ್ಜ್ ಶುರು ಮಾಡಲು ಆ ದೀಪದ ಮೂಲಕ ಬರುವ ಸಣ್ಣ ಕರೆಂಟನ್ನೇ ನೆಚ್ಚಿಕೊಂಡಿರುತ್ತವೆ. ಹೊಸ ಕನ್ಸೋಲಿನಲ್ಲಿ ಅಲ್ಲಿ ಎಲ್‌ಇಡಿ ಇದ್ದರೆ ಅಷ್ಟು ಕರೆಂಟು ಹಾಯುವುದಿಲ್ಲ. ಎಂಜಿನ್ ಜೋರಾಗಿ ರೇಸ್ ಮಾಡುವವರೆಗೆ ಚಾರ್ಜೇ ಆಗುವುದಿಲ್ಲ. ಕೀ ಹಾಕಿದಾಗ ಬರುವ ಲೈನಿನಿಂದ ಆಲ್ಟರ್ನೇಟರಿನಲ್ಲಿ ಆ ದೀಪದ ವೈರು ಸೇರುವ ಡಿ ಪ್ಲಸ್ ಟರ್ಮಿನಲ್ಲಿಗೆ 68 ಓಮ್, 5 ವ್ಯಾಟಿನ ರೆಸಿಸ್ಟರನ್ನು ದೀಪಕ್ಕೆ ಸಮಾನಾಂತರವಾಗಿ ಹಾಕಿದರೆ ಸಾಕು.

ಕಟ್ಟುವ ಕ್ರಮ

ಹಳೆಯ ವೈರಿಂಗ್ ಬಿಚ್ಚುವಾಗ ಕತ್ತರಿ ಕೈಗೆತ್ತಿಕೊಳ್ಳಬೇಡಿ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ, ಫೋಟೊ ತೆಗೆದು, ಇಡಿಯಾಗಿ ಹೊರತೆಗೆದರೆ ಅದೇ ಹೊಸದರ ಉದ್ದಕ್ಕೆ ಅಳತೆಪಟ್ಟಿ. ಬೆಸುಗೆಗಿಂತ ಸರಿಯಾದ ಇಕ್ಕಳದಲ್ಲಿ ಒತ್ತಿದ ಲಗ್ಗುಗಳು (ವೈರಿನ ತುದಿಯ ಲೋಹದ ಕೊಂಡಿಗಳು) ಜೀಪಿಗೆ ಒಳ್ಳೆಯವು. ಬೆಸುಗೆ ಹಾಕಿದ ವೈರು ಆ ಗಟ್ಟಿ ಭಾಗದ ಅಂಚಿನಲ್ಲೇ ಅಲುಗಾಟಕ್ಕೆ ತುಂಡಾಗುತ್ತದೆ. ಒತ್ತಿದ ಪ್ರತಿ ಲಗ್ಗನ್ನೂ ಕೈಯಿಂದ ಜಗ್ಗಿ ನೋಡಿ. ಜೋಡಣೆಗಳಿಗೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ತೋಳು ಹಾಕಿ. ಸಾಮಾನ್ಯ ಪಿವಿಸಿ ಟೇಪು ಬಿಸಿಲಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ, ಬಟ್ಟೆಯ ಹಾರ್ನೆಸ್ ಟೇಪು ಬಳಸಿ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ ಇರಲಿ, ತೂತಿನ ಹೊರಗೆ ವೈರು ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ, ಆಗ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೋಟದ ಶೆಡ್ಡಿನಲ್ಲಿ ಇಲಿಕಾಟವಿದ್ದರೆ ಬೋನೆಟ್ಟಿನ ವೈರುಗಳಿಗೆ ನೈಲಾನ್ ಕಂಡ್ಯುಯಿಟ್ ತಪ್ಪದೆ ಹಾಕಿ.

ವಿಂಡ್‌ಶೀಲ್ಡ್ ಮಲಗಿಸಿ ಓಡಿಸುವ ಜೀಪಾದರೆ ಥಾರಿನ ಕನ್ಸೋಲಿಗೆ ನೀರು ತಾಗದಂತೆ ನೋಡಿಕೊಳ್ಳಬೇಕು. ಹಿಂದಿನ ಪ್ಲಗ್ಗಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಮೇಲೆ ರಬ್ಬರ್ ಹಾಳೆಯ ಮುಚ್ಚಳ ಕೊಡಿ.

ನಿಮ್ಮ ಮುಂದೆ ಇನ್ನೊಂದು ದಾರಿಯೂ ಇದೆ. ಹಳೆಯ ಡ್ಯಾಶಿನ ತುಕ್ಕು ತೆಗೆಸಿ ಬಣ್ಣ ಹೊಡೆಸಿ, 52 ಎಂಎಂನ ಹೊಸ ಗೇಜುಗಳನ್ನು ಅವುಗಳದೇ ಸೆನ್ಸರುಗಳ ಜೊತೆ ಹಾಕಿ, ವೈರಿಂಗ್ ಮಾತ್ರ ಹೊಸದು ಕಟ್ಟಿಸುವುದು. ಹೊಂದಾಣಿಕೆಯ ತಲೆನೋವಿಲ್ಲ, ಸ್ಪೀಡೋ ಕೇಬಲ್ ಹಾಗೇ ಉಳಿಯುತ್ತದೆ, ಕಾಲಮ್ ಬ್ರಾಕೆಟ್ ಮುಟ್ಟಬೇಕಾಗಿಲ್ಲ. ತೋಟದ ದುಡಿಮೆಗೇ ಇರುವ ಜೀಪಾದರೆ ನಾನು ಇದನ್ನೇ ಹೇಳುತ್ತೇನೆ. ದೂರ ಪ್ರಯಾಣ, ಕಾಲಮ್ ಮೇಲಿನ ಸ್ವಿಚ್ಚುಗಳು, ಸ್ಟೀರಿಯೊ, ಏಸಿ ಬೇಕೆಂದಿದ್ದರೆ ಥಾರ್ ಡ್ಯಾಶಿನ ಶ್ರಮಕ್ಕೆ ಅರ್ಥವಿದೆ. ಯಾವುದೇ ಆದರೂ "ಎರಡು ದಿನ" ಎನ್ನುವವರಿಗೆ ಕೆಲಸ ಕೊಡಬೇಡಿ. ಹತ್ತು ಹನ್ನೆರಡು ದಿನ ಕೇಳುವವರೇ ಲೆಕ್ಕ ಬಲ್ಲವರು.

ಆರ್‌ಟಿಒ ವಿಷಯ. ಆರ್‌ಸಿಯಲ್ಲಿ ದಾಖಲಾಗಿರುವುದು ಎಂಜಿನ್ ನಂಬರು, ಚಾಸಿ ನಂಬರು, ಇಂಧನ, ಬಾಡಿ ಬಗೆ, ಬಣ್ಣ ಮುಂತಾದವು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಂದ ಆರ್‌ಸಿಯ ದಾಖಲೆ ಬೇರೆಯಾಗುವಂಥ ಮಾರ್ಪಾಡನ್ನು. ಡ್ಯಾಶ್, ಮೀಟರ್ ಬದಲಿಸಿದರೆ ಆ ದಾಖಲೆಗಳಲ್ಲಿ ಏನೂ ಬದಲಾಗುವುದಿಲ್ಲ. ಆದರೆ 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ತಪಾಸಣೆ ಇದ್ದೇ ಇದೆ. ಅಲ್ಲಿ ಸ್ಪೀಡೋಮೀಟರ್, ಹಾರ್ನ್, ವೈಪರ್, ದೀಪಗಳೆಲ್ಲ ಕೆಲಸ ಮಾಡುತ್ತಿರಬೇಕು. ಗುಜರಿಯ ಕನ್ಸೋಲಿನಲ್ಲಿ ಬೇರೆ ಗಾಡಿಯ ಕಿಲೋಮೀಟರ್ ಇರುತ್ತದೆ. ಬದಲಿಸುವ ದಿನ ಹಳೆಯ ಮೀಟರಿನ ಫೋಟೊ ತೆಗೆದು ದಿನಾಂಕ ಬರೆದಿಡಿ, ಕನ್ಸೋಲಿನ ರಸೀದಿ ಗುಜರಿಯಿಂದ ಕೇಳಿ ಪಡೆಯಿರಿ. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ. ತಿಳಿಸದೆ ಮುಂದೆ ವೈರಿಂಗಿನಿಂದ ಬೆಂಕಿಯಾದರೆ ಕ್ಲೈಮ್ ತಗಾದೆಗೆ ಬೀಳುತ್ತದೆ.

ಕೆಲಸ ಮುಗಿದ ದಿನ ಎಲ್ಲ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಕಳಚಿ, ನಡುವೆ ಮಲ್ಟಿಮೀಟರ್ ಇಟ್ಟು ಸೋರುವ ಕರೆಂಟು ಅಳೆಯಿರಿ. 50 ಮಿಲಿ ಆಂಪಿಯರ್ ಒಳಗಿರಬೇಕು. ಆಮೇಲೆ ಹೆಡ್‌ಲೈಟ್, ವೈಪರ್, ಹಾರ್ನ್ ಎಲ್ಲ ಹಾಕಿ ಎಂಜಿನ್ ಅರ್ಧ ಗಂಟೆ ಓಡಿಸಿ, ಫ್ಯೂಸ್ ಬಾಕ್ಸು, ರಿಲೇ, ಪ್ರತಿ ದಪ್ಪ ಜೋಡಣೆಯನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದ ಜೋಡಣೆಯನ್ನು ಅಂದೇ ಬಿಚ್ಚಿ ಮತ್ತೆ ಒತ್ತಿ. ನೂರು ಕಿಲೋಮೀಟರ್ ಓಡಿದ ಮೇಲೆ ಅರ್ಥ್ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ. ಇದೆಲ್ಲ ಜೂನ್ ಮಳೆಗೆ ಮುಂಚೆ ಮುಗಿಯುವಂತೆ ನೋಡಿಕೊಳ್ಳಿ.